ಪದ ಪರಿಚಯ: ಲ್ಯಾಕರ್

ಪಾಲಿಯೆಸ್ಟರ್ ಎಂಬ ಪ್ಲಾಸ್ಟಿಕ್ ಲೇಪ ಹೊಡೆದ ಅಕೌಸ್ಟಿಕ್ ಗಿಟಾರನ್ನೂ ‘ಲ್ಯಾಕರ್ ಫಿನಿಶ್’ ಎಂದು ಮಾರುವುದು ಈಗ ಮಾಮೂಲಾಗಿದೆ. ಕೊಂಡವರು ಅದನ್ನು ನಂಬಿ, ಗೀರು ಬಿದ್ದ ಕಡೆ ಥಿನ್ನರ್ (ಲೇಪ ಕರಗಿಸುವ ದ್ರಾವಕ) ಹಚ್ಚುತ್ತಾರೆ. ಗೀರು ಇದ್ದಂತೆಯೇ ಇರುತ್ತದೆ, ಅಂಚಿನ ಪ್ಲಾಸ್ಟಿಕ್ ಬೈಂಡಿಂಗ್ ಮೆತ್ತಗಾಗಿ ಹಾಳಾಗುತ್ತದೆ. ಹೊಳಪು ನೋಡಿ ಹೆಸರಿಡುವ ಅಭ್ಯಾಸದ ಫಲ ಇದು. ಗಿಟಾರ್ ಕೆಲಸದಲ್ಲಿ ಲ್ಯಾಕರ್ ಎಂದರೆ ದ್ರಾವಕ ಆರಿಹೋಗಿ ಗಟ್ಟಿಯಾಗುವ, ಅದೇ ದ್ರಾವಕ ತಾಗಿದರೆ ಮತ್ತೆ ಕರಗುವ ಲೇಪ.

ಪದದ ಬೇರು ನಮ್ಮಲ್ಲೇ ಇದೆ. ಸಂಸ್ಕೃತದ ಲಾಕ್ಷಾ ಪ್ರಾಕೃತದಲ್ಲಿ ಲಕ್ಖಾ ಆಗಿ, ಪೋರ್ಚುಗೀಸರ ಬಾಯಲ್ಲಿ ಲಾಕ್ರೆ ಆಗಿ ಇಂಗ್ಲಿಷಿಗೆ ಹೋಯಿತು. ಲಾಕ್ಷಾ ಅಂದರೆ ನಮ್ಮ ಅರಗು: ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯದು, ಚನ್ನಪಟ್ಟಣದಲ್ಲಿ ಲೇತಿನ ಮೇಲೆ ತಿರುಗುವ ಬೊಂಬೆಗೆ ಒತ್ತಿಹಿಡಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತುವ ಬಣ್ಣದ ಕಡ್ಡಿಯದು. ಮುತ್ತುಗ, ಎಲಚಿಯಂಥ ಮರಗಳ ಕೊಂಬೆಯ ಮೇಲೆ ಪುಟ್ಟ ಕೀಟಗಳು ಸ್ರವಿಸುವ ರಾಳ ಇದು. ತೊಳೆದು, ಕರಗಿಸಿ, ತೆಳ್ಳಗೆ ಎಳೆದು ಚೂರು ಮಾಡಿದರೆ ಶೆಲ್ಯಾಕ್. ಹೆಸರಿನಲ್ಲೇ ಲ್ಯಾಕ್ ಇದೆ. ಜಪಾನಿನ ಉರುಶಿಯನ್ನೂ ಲ್ಯಾಕರ್ ಅನ್ನುತ್ತಾರೆ, ಆದರೆ ಅದು ಮರದ ಹಾಲು. ತೇವದ ಗಾಳಿಯಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಕರಗುವುದಿಲ್ಲ. ಈ ಗೊಂದಲಕ್ಕೆ ಯುರೋಪಿನ ವ್ಯಾಪಾರಿಗಳೇ ಕಾರಣ.

ಹತ್ತೊಂಬತ್ತನೇ ಶತಮಾನದ ಗಿಟಾರುಗಳಿಗೆ ಬಳಿಯುತ್ತಿದ್ದದ್ದು ಹೆಚ್ಚಾಗಿ ಶೆಲ್ಯಾಕ್. ಕ್ಲಾಸಿಕಲ್ ಗಿಟಾರ್ ಮಾಡುವವರು ಇಂದಿಗೂ ಫ್ರೆಂಚ್ ಪಾಲಿಶ್, ಅಂದರೆ ಶೆಲ್ಯಾಕನ್ನು ಕೈಯಿಂದ ಉಜ್ಜಿ ಹತ್ತಿಸುವ ಪದ್ಧತಿ, ಬಿಟ್ಟಿಲ್ಲ. ಲೀಟರ್ ಎಥನಾಲಿಗೆ ಸುಮಾರು 240 ಗ್ರಾಂ ಶೆಲ್ಯಾಕ್ ನೆನೆಸಿ ಸೋಸಿ, ಬೇಕಾದರೆ ಇನ್ನಷ್ಟು ತೆಳು ಮಾಡಿ, ಒಳಗೆ ಉಣ್ಣೆ ಹೊರಗೆ ಹತ್ತಿ ಬಟ್ಟೆಯ ಉಂಡೆಯಿಂದ ಉಜ್ಜಬೇಕು. ಉಂಡೆ ಹಿಡಿದುಕೊಂಡಂತಾದರೆ ಒಂದು ತೊಟ್ಟು ಎಣ್ಣೆ, ಅಷ್ಟೇ. ಆರು ತಿಂಗಳು ದಾಟಿದ ದ್ರಾವಣವನ್ನು ಮೊದಲು ಗಾಜಿನ ಮೇಲೆ ಬಳಿದು ನೋಡಿ. ಮರುದಿನವೂ ಅಂಟಂಟಾಗಿದ್ದರೆ ಚೆಲ್ಲಿ.

1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಸಸ್ಯದ ನಾರಿನಿಂದ ತಯಾರಿಸುವ ನೈಟ್ರೋಸೆಲ್ಯುಲೋಸ್‌ಗೆ ತಿರುಗಿದವು. ನಮ್ಮ ಬಡಗಿಗಳು ‘ಎನ್‌ಸಿ’ ಎನ್ನುವ ಪಾಲಿಶಿನ ಮೂಲ ವಸ್ತುವೂ ಇದೇ. ಇದರಲ್ಲಿ ಅರಗಿನ ಲವಲೇಶವಿಲ್ಲ. ಆದರೂ ಲ್ಯಾಕರ್ ಎಂಬ ಹೆಸರು ಸಲ್ಲುತ್ತದೆ, ಏಕೆಂದರೆ ಹೊಸ ಕೋಟ್ ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಕೆಳಗಿನ ಸೀಲರ್ (ಮರಕ್ಕೆ ಮೊದಲು ಹೊಡೆಯುವ ತಳದ ಕೋಟ್) ತೆಳ್ಳಗಿರಬೇಕು. ಮೇಲೆ ಎಂಟು-ಹತ್ತು ಕೋಟ್ ಹೊಡೆದ ಮೇಲೆ ಎರಡರಿಂದ ನಾಲ್ಕು ವಾರ ಮುಟ್ಟದೆ ಬಿಡಬೇಕು. ಅವಸರಪಟ್ಟು ಉಜ್ಜಿ ಹೊಳಪು (ಬಫ್) ಮಾಡಿದರೆ ಆಮೇಲೆ ಪದರ ಕುಗ್ಗಿ ಮರದ ರಂಧ್ರಗಳು ಎದ್ದುಕಾಣುತ್ತವೆ. ಮಳೆಗಾಲದಲ್ಲಿ ಹೊಡೆದರೆ ದ್ರಾವಕ ಆರುವ ತಂಪಿಗೆ ಗಾಳಿಯ ತೇವ ಪದರದ ಮೇಲೆ ಕೂತು ಬೆಳ್ಳಗೆ ಮಂಜು ಕಟ್ಟುತ್ತದೆ. ಆಗ ನಿಧಾನವಾಗಿ ಆರುವ ರಿಟಾರ್ಡರ್ ಸ್ವಲ್ಪ ಬೆರೆಸಬೇಕು, ಇಲ್ಲವೇ ಬಿಸಿಲು ಬರುವವರೆಗೆ ಕಾಯಬೇಕು.

ಪಾಲಿಯೆಸ್ಟರ್ ಮತ್ತು ಎರಡು ಭಾಗ ಬೆರೆಸುವ ಪಿಯು (ಪಾಲಿಯುರೆಥೇನ್) ಗಟ್ಟಿಯಾಗುವುದು ರಾಸಾಯನಿಕ ಕ್ರಿಯೆಯಿಂದ. ಒಂದು ಪದರ ಇನ್ನೊಂದರಲ್ಲಿ ಬೆರೆಯದು. ಮೇಲಿನದನ್ನು ಉಜ್ಜಿ ತೂರಿಹೋದರೆ ನಕ್ಷೆಯಲ್ಲಿ ಗುಡ್ಡದ ಸುತ್ತ ಎಳೆದಂಥ ಗೆರೆ ಮೂಡುತ್ತದೆ. ಇವು ಕೆಟ್ಟ ಲೇಪಗಳೆಂದಲ್ಲ: ಬೆವರಿಗೆ ಜಗ್ಗುವುದಿಲ್ಲ, ತೆಳ್ಳಗೆ ಹೊಡೆದರೆ ನಾದಕ್ಕೂ ಅಡ್ಡಿಯಿಲ್ಲ. ಅಗ್ಗದ ವಾದ್ಯಗಳ ದೋಷವಿರುವುದು ಲೇಪದ ದಪ್ಪದಲ್ಲಿ. ಆದರೆ ಲ್ಯಾಕರ್ ಅನ್ನಬೇಡಿ.

ಅನುಮಾನವಿದ್ದರೆ ಒಂದು ಟ್ಯೂನರ್ (ತಂತಿ ಬಿಗಿಸುವ ಬಿರಡೆ) ಬಿಚ್ಚಿ, ಅದರಡಿಯ ಮರೆಯ ಜಾಗದಲ್ಲಿ ಹತ್ತಿ ಕಡ್ಡಿಯಿಂದ ಆಲ್ಕೋಹಾಲ್ ಒತ್ತಿ. ಕೂಡಲೇ ಅಂಟಾದರೆ ಶೆಲ್ಯಾಕ್. ಆಗದಿದ್ದರೆ ಒಂದು ತೊಟ್ಟು ಥಿನ್ನರ್. ಮೆತ್ತಗಾದರೆ ಬಹುತೇಕ ನೈಟ್ರೋ. ಅಂಥ ಗಿಟಾರನ್ನು ರಬ್ಬರ್ ಸ್ಟ್ಯಾಂಡಿಗೆ ಒರಗಿಸಿಡಬೇಡಿ, ತಾಗಿದಲ್ಲಿ ಪದರ ಮೆತ್ತಗಾಗಿ ಅಚ್ಚು ಬೀಳುತ್ತದೆ. ಗೀರಿಗೆ ಲ್ಯಾಕರಿನ ತೊಟ್ಟು ಬಿಟ್ಟು, ಆರಿ ಕುಗ್ಗಿದಂತೆ ಮತ್ತೆ ಬಿಟ್ಟು, ಮಟ್ಟಕ್ಕೆ ಬಂದಮೇಲೆ ಎರಡೂ ತುದಿಗೆ ಟೇಪ್ ಸುತ್ತಿದ ಬ್ಲೇಡಿನಿಂದ ಹೆರೆಯಿರಿ. ಆಲ್ಕೋಹಾಲ್, ಥಿನ್ನರ್ ಎರಡಕ್ಕೂ ಜಗ್ಗದಿದ್ದರೆ ಅದು ಪಾಲಿ (ಪಾಲಿಯೆಸ್ಟರ್ ಇಲ್ಲವೇ ಪಿಯು). ಚಕ್ಕೆ ಎದ್ದ ಜಾಗಕ್ಕೆ ಸೂಪರ್ ಗ್ಲೂ ತುಂಬಿ, ಆರಿದ ಮೇಲೆ ಹೀಗೆಯೇ ಹೆರೆಯಬೇಕು.