ಎಮಿಲ್ ನೋಲ್ಡೆ ನನ್ನನ್ನು ಸಿಕ್ಕಿಹಾಕಿಸಿದ ಜಾಗ: ಜರ್ಮನ್ ಕಲೆ ಮತ್ತು ರಾಜಕೀಯ

ಪರೀಕ್ಷೆಗೆ ಈ ಪಾಠ ಓದುವಾಗ: 1914ರಲ್ಲಿ ಮೊದಲ ಮಹಾಯುದ್ಧ, 1919ರಲ್ಲಿ ವೈಮರ್ ಗಣರಾಜ್ಯ (ಜರ್ಮನಿಯ ಪ್ರಜಾಪ್ರಭುತ್ವ ಸರ್ಕಾರ), 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ. ಈ ಮೂರು ಇಸವಿ ತಲೆಯಲ್ಲಿದ್ದರೆ ಸಾಕು.

ಜರ್ಮನ್ ಕಲಾವಿದೆ ಕೆಥೆ ಕೋಲ್‌ವಿಟ್ಸ್ ನನಗೆ ಬೇಗ ಅರ್ಥವಾದರು. ಮಗ ಪೀಟರ್ 1914ರ ಅಕ್ಟೋಬರ್‌ನಲ್ಲೇ ಬೆಲ್ಜಿಯಂ ರಣರಂಗದಲ್ಲಿ ಸತ್ತ. 1919ರ ಜನವರಿ 15ರಂದು ಎಡಪಂಥದ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್ ಕೊಲೆಯಾದಾಗ, ಮನೆಯವರು ಕೇಳಿಕೊಂಡರೆಂದು ಶವಾಗಾರಕ್ಕೆ ಹೋಗಿ ರೇಖಾಚಿತ್ರ ಬರೆದುಕೊಂಡರು. ಆಮೇಲೆ ಅದನ್ನೇ ಮರದ ಅಚ್ಚಿನಲ್ಲಿ ಕೆತ್ತಿದರು. ಆ ಅಚ್ಚನ್ನು ದೊಡ್ಡದು ಮಾಡಿ ನೋಡಿ. ಹೆಣಕ್ಕೆ ಹೊದಿಸಿದ ಬಿಳಿ ಬಟ್ಟೆ. ಅದರ ಮೇಲೆ ಬಾಗಿದ ಒಬ್ಬ ಕೂಲಿಯವನ ದಪ್ಪ ಕೈ. ಕೋಲ್‌ವಿಟ್ಸ್ ಲೀಬ್‌ಕ್ನೆಕ್ಟ್‌ನ ಪಕ್ಷದವರಲ್ಲ. ಅವರು ಕೆತ್ತಿದ್ದು ಕಾರ್ಮಿಕರ ದುಃಖವನ್ನು.

ಈಗ ಚಿತ್ರಕಾರ ನೋಲ್ಡೆ. ಇಲ್ಲೇ ನಾನು ಎರಡು ದಿನ ನಿಂತುಬಿಟ್ಟೆ. 1937ರ ಜುಲೈ 19ರಂದು ಮ್ಯೂನಿಕ್‌ನಲ್ಲಿ ನಾಜಿಗಳು ತಮಗೆ ಹಿಡಿಸದ ಆಧುನಿಕ ಕಲೆಯನ್ನು ಹೀಯಾಳಿಸಲು 'ಎಂಟಾರ್ಟೆಟೆ ಕುನ್ಸ್ಟ್' ಪ್ರದರ್ಶನ ತೆರೆದರು. ಇದನ್ನು 'ಕುಲಗೆಟ್ಟ ಕಲೆ' ಎಂದುಕೊಂಡರೆ ಆ ಪದದ ವಿಷ ಸರಿಯಾಗಿ ತಟ್ಟುತ್ತದೆ. ನೋಲ್ಡೆಯ 'ಯೇಸುವಿನ ಬದುಕು', ಒಂಬತ್ತು ಚಿತ್ರಗಳ ಸರಣಿ, ಅಲ್ಲಿ ತೂಗುಹಾಕಿದ್ದರು. ಮ್ಯೂಸಿಯಂಗಳಿಂದ ಅವರ ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಕಿತ್ತುಕೊಂಡರು. ಬೇರೆ ಯಾವ ಕಲಾವಿದನದೂ ಅಷ್ಟು ಹೋಗಿಲ್ಲ. ಹಾಗಾದರೆ ಈತ ಹಿಟ್ಲರ್ ವಿರೋಧಿ ಅಲ್ವಾ?

ಅಲ್ಲ. 1934ರಲ್ಲೇ ನಾಜಿ ಪಕ್ಷ ಸೇರಿದವರು, ಯಹೂದಿ ದ್ವೇಷಿ. ನನ್ನ ತಪ್ಪು ಲೆಕ್ಕ ಇದು: 'ನಿಷೇಧ ಆಯ್ತು, ಹಾಗಾಗಿ ವಿರೋಧಿ'. ನಿಷೇಧ ಬಿದ್ದದ್ದು ಕಲಾವಿದನ ಅಭಿಪ್ರಾಯಕ್ಕಲ್ಲ, ಶೈಲಿಗೆ: ಸೊಟ್ಟ ಮುಖ, ಉರಿಯುವ ಬಣ್ಣ. ಮೊದಮೊದಲು ನಾಜಿಗಳಲ್ಲೇ ಜಗಳವಿತ್ತು. ಪ್ರಚಾರ ಮಂತ್ರಿ ಗೊಬೆಲ್ಸ್ ಕಡೆಯವರಿಗೆ ಈ ಶೈಲಿ ಅಪ್ಪಟ ಜರ್ಮನ್ ಅನಿಸಿತ್ತು, ಪಕ್ಷದ ಸಿದ್ಧಾಂತಿ ರೋಸೆನ್‌ಬರ್ಗ್‌ಗೆ ಅದು ಆಗುತ್ತಿರಲಿಲ್ಲ. ಕೊನೆಗೆ ಹಿಟ್ಲರ್ ಮಾತೇ ನಡೆಯಿತು. ಯುದ್ಧ ಮುಗಿದ ಮೇಲೆ ನೋಲ್ಡೆ ತಾವು ಬರೀ ಬಲಿಪಶು ಎಂಬಂತೆ ಕಥೆ ಹೇಳಿಕೊಂಡರು, ಜನ ನಂಬಿದರು. 2019ರಲ್ಲಿ ಬರ್ಲಿನ್‌ನಲ್ಲಿ ನಡೆದ ಒಂದು ಪ್ರದರ್ಶನ ಅದನ್ನು ಬಯಲು ಮಾಡಿತು. ಆಗ ಜರ್ಮನಿಯ ಚಾನ್ಸಲರ್ ಆಗಿದ್ದ ಏಂಜೆಲಾ ಮರ್ಕೆಲ್ ತಮ್ಮ ಕಚೇರಿಯ ಎರಡು ನೋಲ್ಡೆ ಚಿತ್ರಗಳನ್ನು ವಾಪಸ್ ಕೊಟ್ಟರು. ಚಿತ್ರ ಚೆನ್ನಾಗಿದೆ, ಮನುಷ್ಯ ಹಾಗಿಲ್ಲ. ಇದು ನನಗೆ ಇನ್ನೂ ನೋವು ಕೊಡುತ್ತದೆ.

ಅದಕ್ಕೇ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದಿದ್ದೇನೆ. ಎಡಕ್ಕೆ ಕಲಾವಿದ ಏನು ಮಾಡಿದ, ಬಲಕ್ಕೆ ಸರ್ಕಾರ ಅವನಿಗೆ ಏನು ಮಾಡಿತು. ಒಂದನ್ನು ನೋಡಿ ಇನ್ನೊಂದನ್ನು ತುಂಬಬಾರದು. ಪರೀಕ್ಷೆಗೆ ಇದೊಂದು ನೆನಪಿಟ್ಟುಕೊಳ್ಳಿ.

ಇನ್ನೊಬ್ಬ ಜರ್ಮನ್ ಚಿತ್ರಕಾರ ಓಟ್ಟೋ ಡಿಕ್ಸ್ ಈ ಕಾಲಂಗಳಲ್ಲಿ ಹೀಗೆ ಬರುತ್ತಾರೆ. ಎಡಕ್ಕೆ: ಸ್ವಂತ ಇಚ್ಛೆಯಿಂದ ಸೈನ್ಯ ಸೇರಿ ಮಷೀನ್ ಗನ್ ಹಿಡಿದರು, 1924ರಲ್ಲಿ 'ಯುದ್ಧ' ಎಂಬ 50 ಎಚಿಂಗ್ (ಲೋಹದ ತಟ್ಟೆಯಿಂದ ತೆಗೆದ ಅಚ್ಚು ಚಿತ್ರ) ಮಾಡಿದರು. ಬಲಕ್ಕೆ: 1933ರಲ್ಲಿ ಡ್ರೆಸ್ಡೆನ್ ಅಕಾಡೆಮಿಯ ಕೆಲಸ ಹೋಯಿತು.