ಹಕ್ಕಿ ಉಣ್ಣುವ ನೀರು ಯಾರ ಕಾವಲಿನಲ್ಲಿದೆ?

ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದ ಸುತ್ತಲಿನ ಗಾಳದ ಹಡಗುಗಳು ಒಂದು ಕಾಲದಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಕಡಲಹಕ್ಕಿಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದವು. ಬೇಸಿಗೆಯಲ್ಲಿ ಮೀನುಗಾರಿಕೆ ನಿಲ್ಲಿಸಿ, ಗಾಳ ಬಿಡುವುದನ್ನು ರಾತ್ರಿಗೆ ಸೀಮಿತಗೊಳಿಸಿದ ಮೇಲೆ ಆ ಸಾವು ಬಹುತೇಕ ನಿಂತೇಹೋಯಿತು. ಆದರೂ ಅಲ್ಲಿನ ಬರ್ಡ್ ಐಲ್ಯಾಂಡ್‌ನ ವಾಂಡರಿಂಗ್ ಆಲ್ಬಟ್ರಾಸ್‌ಗಳು 1960ರ ದಶಕದಲ್ಲಿ ಇದ್ದುದರ ಅರ್ಧದಷ್ಟೂ ಈಗ ಉಳಿದಿಲ್ಲ. ಈ ದೊಡ್ಡ ಕಡಲಹಕ್ಕಿ ಆಹಾರಕ್ಕಾಗಿ ಸಾವಿರಾರು ಕಿಲೋಮೀಟರ್ ಹಾರುತ್ತದೆ. ಗೂಡಿನ ಬಳಿ ಇರುವ ಕಟ್ಟುನಿಟ್ಟು ಅಷ್ಟು ದೂರದ ನೀರಿನಲ್ಲಿ ಇರುವುದಿಲ್ಲ.

ಮೀನುಗಾರಿಕೆ ಹಡಗುಗಳಿಗೆ ಹೋಗುವ ವೀಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅವರಿಗೆ ಮೊದಲು ಹೇಳುವುದು ಹಡಗಿನ ಹಿಂಬದಿಯನ್ನು ನೋಡಿ ಎಂದು. ಹತ್ತಾರು ಕಿಲೋಮೀಟರ್ ಉದ್ದದ ಗಾಳದ ಹಗ್ಗ ಅಲ್ಲಿಂದಲೇ ನೀರಿಗೆ ಇಳಿಯುತ್ತದೆ. ಗಾಳಕ್ಕೆ ಚುಚ್ಚಿದ ಮೀನು ಮುಳುಗುವ ಮುನ್ನ ಕೆಲವು ಕ್ಷಣ ಮೇಲೆಯೇ ಇರುತ್ತದೆ. ಹಕ್ಕಿ ಅದಕ್ಕೆ ಎರಗುತ್ತದೆ, ಕೊಕ್ಕಿಗೆ ಗಾಳದ ಮುಳ್ಳು ಸಿಕ್ಕಿ ಹಗ್ಗದೊಂದಿಗೆ ಆಳಕ್ಕೆ ಎಳೆಯಲ್ಪಟ್ಟು ಉಸಿರುಗಟ್ಟಿ ಸಾಯುತ್ತದೆ. ವಾಂಡರಿಂಗ್ ಆಲ್ಬಟ್ರಾಸ್ ಮರಿ ಮಾಡಲು ತೊಡಗುವುದು ಸುಮಾರು ಹತ್ತನೆಯ ವಯಸ್ಸಿನಲ್ಲಿ. ಇಡುವುದು ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಮೊಟ್ಟೆ. ತಂದೆ ತಾಯಿಗಳಲ್ಲಿ ಒಂದು ಸತ್ತರೂ ಗೂಡಿನಲ್ಲಿರುವ ಮರಿ ಉಪವಾಸದಿಂದ ಸಾಯುತ್ತದೆ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ: ಬಣ್ಣದ ಪಟ್ಟಿಗಳು ತೂಗಾಡುವ ಬೆದರು ಹಗ್ಗ, ಗಾಳದ ಹತ್ತಿರ ಸೀಸದ ಭಾರ, ರಾತ್ರಿಯಲ್ಲಿ ಗಾಳ ಬಿಡುವುದು. ಮೂರೂ ಒಟ್ಟಿಗಿರಬೇಕು. ಹುಣ್ಣಿಮೆಯ ಬೆಳಕಿನಲ್ಲಿ ರಾತ್ರಿಯ ರಕ್ಷಣೆ ದುರ್ಬಲವಾಗುತ್ತದೆ. ಬಿಳಿ ಗಲ್ಲದ ಪೆಟ್ರೆಲ್ ಎಂಬ ಕಡಲಹಕ್ಕಿಗಂತೂ ಕತ್ತಲು ಅಡ್ಡಿಯೇ ಅಲ್ಲ. ಹತ್ತು ಮೀಟರಿಗಿಂತ ಆಳಕ್ಕೆ ಧುಮುಕಿ ಗಾಳವನ್ನು ಮೇಲೆ ತರುತ್ತದೆ, ಆಳಕ್ಕಿಳಿಯಲಾಗದ ಆಲ್ಬಟ್ರಾಸ್ ಅದನ್ನು ಕಸಿದುಕೊಂಡು ತಾನು ಸಿಕ್ಕಿಬೀಳುತ್ತದೆ. ಗಾಳ ಬೇಗ ಮುಳುಗುವಂತೆ ಮಾಡುವ ಭಾರ ಇಲ್ಲದಿದ್ದರೆ ಉಳಿದೆರಡು ಕ್ರಮಗಳು ಅರೆಬರೆ. ಹಕ್ಕಿಯ ಪಾಲಾದ ಗಾಳಕ್ಕೆ ಮೀನು ಬೀಳುವುದಿಲ್ಲ ಎಂಬುದು ಮೀನುಗಾರರಿಗೂ ಗೊತ್ತು. ಅವರನ್ನು ಶತ್ರುಗಳೆಂದು ನಾನು ಎಂದೂ ಭಾವಿಸಿಲ್ಲ. ದಕ್ಷಿಣ ಆಫ್ರಿಕಾದ ಹೇಕ್ ಮೀನಿನ ಟ್ರಾಲರ್‌ಗಳಲ್ಲಿ ಹಕ್ಕಿಗಳನ್ನು ಕೊಲ್ಲುತ್ತಿದ್ದುದು ಬಲೆ ಎಳೆಯುವ ಉಕ್ಕಿನ ಹಗ್ಗಗಳು. ಅಲ್ಲಿ ಬೆದರು ಹಗ್ಗ ಕಟ್ಟಿದ ಮೇಲೆ ಆಲ್ಬಟ್ರಾಸ್‌ಗಳ ಸಾವು ಶೇ 99ರಷ್ಟು ಇಳಿಯಿತು.

ಗಾಳಕ್ಕಿಂತ ಕಠಿಣವಾದದ್ದು ಹಸಿವು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು 14 ಜಾತಿಯ ಕಡಲಹಕ್ಕಿಗಳನ್ನು ಪರಿಶೀಲಿಸಿ, ಸಣ್ಣ ಮೀನುಗಳ ರಾಶಿ ತನ್ನ ಗರಿಷ್ಠ ಪ್ರಮಾಣದ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಮರಿಗಳು ಬದುಕುವುದು ಕಡಿಮೆಯಾಗುತ್ತದೆ ಎಂದು ತೋರಿಸಿತು. ಆಫ್ರಿಕನ್ ಪೆಂಗ್ವಿನ್‌ಗಳ ಈಗಿನ ಸ್ಥಿತಿಗೆ ಮುಖ್ಯ ಕಾರಣ ಸಾರ್ಡಿನ್ ಮತ್ತು ಆಂಚೊವಿಗಳ ಅಭಾವ. 2024ರಲ್ಲಿ ಅವು ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೆ ಸೇರಿದವು. ಮರುವರ್ಷ ದಕ್ಷಿಣ ಆಫ್ರಿಕಾದ ನ್ಯಾಯಾಲಯದ ಆದೇಶದಿಂದ ಆರು ನೆಲೆಗಳ ಸುತ್ತ ಆ ಮೀನುಗಳ ಬೇಟೆಗೆ ಹತ್ತು ವರ್ಷದ ನಿರ್ಬಂಧ ಬಂತು. ಆದೇಶಕ್ಕೆ ಮುನ್ನ ನಡೆದ ಎಳೆದಾಟವೆಲ್ಲ ನಿರ್ಬಂಧದ ಗೆರೆ ಎಲ್ಲಿ ಎಳೆಯಬೇಕು ಎಂಬುದರ ಮೇಲೆಯೇ. ಪೆಂಗ್ವಿನ್ ನಿಜವಾಗಿ ಮೀನು ಹಿಡಿಯುವ ನೀರು ಗೆರೆಯ ಹೊರಗೆ ಉಳಿದರೆ ಆ ನಿರ್ಬಂಧ ಕಾಗದದ ಮೇಲಷ್ಟೇ ಇರುತ್ತದೆ. ಬ್ರಿಟನ್ ಕೂಡ 2024ರಲ್ಲಿ ಉತ್ತರ ಸಮುದ್ರದ ತನ್ನ ಪಾಲಿನಲ್ಲಿ ಪಫಿನ್, ಕಿಟ್ಟಿವೇಕ್‌ಗಳ ಆಹಾರವಾದ ಸ್ಯಾಂಡ್ಈಲ್ ಮೀನುಗಾರಿಕೆಯನ್ನು ನಿಲ್ಲಿಸಿದೆ.

ದೂರದ ಕಡಲಲ್ಲಿ ಕೆಲಸ ಇನ್ನೂ ಅರ್ಧಕ್ಕೇ ನಿಂತಿದೆ. 2021ರಲ್ಲಿ ಉತ್ತರ ಅಟ್ಲಾಂಟಿಕ್‌ನ ನಡುವೆ ಸುಮಾರು 6 ಲಕ್ಷ ಚದರ ಕಿಲೋಮೀಟರ್ ನೀರನ್ನು ಕಡಲಹಕ್ಕಿಗಳಿಗಾಗಿ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಆದರೆ ಘೋಷಿಸಿದ ಆಯೋಗಕ್ಕೆ ಮೀನುಗಾರಿಕೆಯನ್ನು ನಿಯಂತ್ರಿಸುವ ಅಧಿಕಾರವಿಲ್ಲ. ಹಿಂದೂ ಮಹಾಸಾಗರದ ಟ್ಯೂನಾ ಆಯೋಗಕ್ಕೆ ಆ ಅಧಿಕಾರವಿದೆ. ಆದರೆ 25 ಡಿಗ್ರಿ ದಕ್ಷಿಣ ಅಕ್ಷಾಂಶದ ಆಚೆಗೆ ಬೆದರು ಹಗ್ಗ, ಭಾರ, ರಾತ್ರಿ ಗಾಳ ಎಂಬ ಆ ಮೂರು ಕ್ರಮಗಳಲ್ಲಿ ಎರಡನ್ನು ಪಾಲಿಸಿದರೂ ಅದಕ್ಕೆ ಸಾಕು. ಗಾಳ ಬಿಡುವ ಸರದಿಗಳಲ್ಲಿ ವೀಕ್ಷಕರ ಕಣ್ಣಿಗೆ ಬೀಳಬೇಕಾದ ಕನಿಷ್ಠ ಪ್ರಮಾಣ ಶೇ 5 ಮಾತ್ರ. ಈ ನಿಯಮದಲ್ಲಿ ಎರಡರ ಬದಲು ಮೂರು ಎಂದು ಬರೆಯಬೇಕು, ಪ್ರತಿ ಹಡಗಿನ ಹಿಂಬದಿಗೂ ಕ್ಯಾಮೆರಾ ಕಡ್ಡಾಯವಾಗಬೇಕು. ತಂತ್ರಜ್ಞಾನ ಸಿದ್ಧವಿದೆ, ಆಯೋಗದ ಸದಸ್ಯ ದೇಶಗಳು ಒಪ್ಪಬೇಕಷ್ಟೆ.