ಡಿಸೆಂಬರ್ 25 ರೋಮನ್ನರ ಸೂರ್ಯನ ಹಬ್ಬವಾಗಿತ್ತಾ?

ಓದುಗರ ಪ್ರಶ್ನೆ: ಡಿಸೆಂಬರ್ 25 ಮೊದಲು ರೋಮನ್ನರ ಸೂರ್ಯದೇವರ ಹಬ್ಬವಾಗಿತ್ತು, ಅದೇ ಆಮೇಲೆ ಕ್ರಿಸ್‌ಮಸ್ ಆಯಿತು ಅಂತಾರೆ. ನಿಜವಾ?

ಅರ್ಧ ನಿಜ. ಆ ಅರ್ಧಕ್ಕೂ ಮುಖ್ಯ ಆಧಾರ ಒಂದೇ ಒಂದು ಸಾಲು.

ಕ್ರಿ.ಶ. 354ರಲ್ಲಿ ಫಿಲೋಕಾಲಸ್ ಎಂಬ ಲಿಪಿಕಾರ ರೋಮಿನ ಒಬ್ಬ ಸಿರಿವಂತ ಕ್ರೈಸ್ತನಿಗೆ ಚೆಂದದ ಪಂಚಾಂಗವೊಂದನ್ನು ಮಾಡಿಕೊಟ್ಟ. ಮೂಲ ಪ್ರತಿ ಹೋಯಿತು, ನಕಲುಗಳು ಉಳಿದಿವೆ. ಅದರಲ್ಲಿ ಡಿಸೆಂಬರ್ 25ರ ಎದುರು ಬರೆದಿರುವುದು ಇಷ್ಟೇ: ಇನ್ವಿಕ್ಟಸ್‌ನ, ಅಂದರೆ ಸೋಲಿಲ್ಲದವನ, ಹುಟ್ಟುಹಬ್ಬ, ರಥದ ಓಟ 30. ಸೂರ್ಯನ ಹೆಸರೇ ಇಲ್ಲ! ಆದರೂ ಆ ಬಿರುದು ಸೂರ್ಯನದೇ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಲ್ಯಾಟಿನ್ನಿನಲ್ಲಿ ಸೂರ್ಯನಿಗೆ ‘ಸೋಲ್’ ಅನ್ನುತ್ತಾರೆ. ನಮ್ಮ ಸೋಲಿಗೂ ಅದಕ್ಕೂ ಸಂಬಂಧವಿಲ್ಲ, ‘ಸೂರ್ಯ’ ಎಂಬ ಪದಕ್ಕೆ ಮಾತ್ರ ಅದು ದೂರದ ನೆಂಟ.

ಅದೇ ಪುಸ್ತಕದ ಇನ್ನೊಂದು ಪಟ್ಟಿಯಲ್ಲಿ, ಅದೇ ತಾರೀಖಿಗೆ, ಕ್ರಿಸ್ತ ಬೆತ್ಲೆಹೇಮಿನಲ್ಲಿ ಹುಟ್ಟಿದ ಎಂದೂ ಇದೆ. ಆ ಪಟ್ಟಿ 336ರ ಹೊತ್ತಿನದು. ಯಾವುದನ್ನು ನೋಡಿ ಯಾವುದು ಬಂತು? ಆ ಪುಟಗಳು ಬಾಯಿ ಬಿಡುವುದಿಲ್ಲ. ಇನ್ನೂ ಒಂದು ವಿಷಯ: ಇದೇ ಪಂಚಾಂಗ ಅಕ್ಟೋಬರ್ 22ಕ್ಕೆ ಸೂರ್ಯನ ಹೆಸರಲ್ಲಿ 36 ಓಟ ಬರೆದಿದೆ. ಡಿಸೆಂಬರಿಗಿಂತ ಜಾಸ್ತಿ. ಹಾಗಾಗಿ ದೊಡ್ಡ ಹಬ್ಬ ಅಕ್ಟೋಬರಿನದೇ ಎನ್ನುವುದು ನನ್ನ ಅನಿಸಿಕೆ.

ಇದರ ಜೊತೆಗೇ ಇನ್ನೊಂದು ಮಾತೂ ಓಡಾಡುತ್ತದೆ. ಸೂರ್ಯ ರೋಮಿಗೆ ಪರದೇಶದ ದೇವರು, ಚಕ್ರವರ್ತಿ ಔರೇಲಿಯನ್ ಸಿರಿಯಾದಿಂದ ತಂದ ಅಂತ. 274ರಲ್ಲಿ ಔರೇಲಿಯನ್ ದೊಡ್ಡ ಗುಡಿ ಕಟ್ಟಿಸಿದ, ಅದಕ್ಕೆ ಪ್ರತ್ಯೇಕ ಅರ್ಚಕರನ್ನೂ ನೇಮಿಸಿದ, ಸರಿ. ಆದರೆ ಅದಕ್ಕೂ ಸುಮಾರು 280 ವರ್ಷ ಮೊದಲೇ, ಚಕ್ರವರ್ತಿ ಅಗಸ್ಟಸನ ಕಾಲದಲ್ಲಿ, ಆಗಸ್ಟ್ 9ಕ್ಕೆ ಕ್ವಿರಿನಲ್ ಗುಡ್ಡದ ಮೇಲೆ ಸೂರ್ಯನಿಗೆ ಪೂಜೆ ನಡೆಯುತ್ತಿತ್ತು. ಸರ್ಕಸ್ ಮ್ಯಾಕ್ಸಿಮಸ್ ಎಂಬ ಓಟದ ಬಯಲಿನಲ್ಲೂ ಅವನದೊಂದು ಹಳೇ ಗುಡಿ ಇತ್ತು. ಕುದುರೆ ಓಡಿಸುವ ಜಾಗದಲ್ಲಿ ಅವನಿಲ್ಲದೆ ಇನ್ಯಾರು, ಅಲ್ವಾ? ನಮ್ಮ ಸೂರ್ಯನ ರಥಕ್ಕೆ ಏಳು ಕುದುರೆ, ಅವರ ಸೋಲ್‌ಗೆ ನಾಲ್ಕು. ಕ್ರಿ.ಪೂ. 10ರಲ್ಲಿ ಅಗಸ್ಟಸ್ ಈಜಿಪ್ಟಿನಿಂದ ಕಲ್ಲಿನ ಕಂಬವೊಂದನ್ನು ತರಿಸಿ ಆ ಬಯಲಿನ ನಡುವೆ ನಿಲ್ಲಿಸಿ, ಬುಡದಲ್ಲಿ ‘ಸೂರ್ಯನಿಗೆ ಕಾಣಿಕೆ’ ಎಂದು ಕೆತ್ತಿಸಿದ. ಆ ಕಂಬ ಇವತ್ತಿಗೂ ರೋಮಿನ ಪಿಯಾಜಾ ಡೆಲ್ ಪೊಪೊಲೊ ಚೌಕದಲ್ಲಿ ನಿಂತಿದೆ.

ಕ್ರೈಸ್ತ ಧರ್ಮ ಗೆದ್ದ ಮೇಲೂ ಜನ ಸೂರ್ಯನನ್ನು ಸುಮ್ನೆ ಬಿಟ್ಟುಬಿಡಲಿಲ್ಲ. 5ನೇ ಶತಮಾನದ ನಡುವಿನಲ್ಲಿ ಪೋಪ್ ಲಿಯೋ ಕ್ರಿಸ್‌ಮಸ್ ಉಪದೇಶದಲ್ಲೇ ಭಕ್ತರನ್ನು ಬೈದಿದ್ದಾರೆ. ಸೇಂಟ್ ಪೀಟರ್ ಚರ್ಚಿನ ಮೆಟ್ಟಿಲು ಹತ್ತಿದವರು, ಒಳಗೆ ಹೋಗುವ ಮೊದಲು ಹಿಂದಕ್ಕೆ ತಿರುಗಿ, ಏಳುತ್ತಿರುವ ಸೂರ್ಯನಿಗೆ ತಲೆಬಾಗುತ್ತಿದ್ದರಂತೆ.